ಪಾರ್ಕಿಂಗ್ ಚೀಟಿ

ಸೋಮನಾಥಪುರ ಹೇಗಿದೆ ಅಂತ ಕೇಳಿದರೆ
ಬೇವಿನ ಮರ ಇದೆ ಅನ್ನುತ್ತೇನೆ.
ಹನ್ನೊಂದರ ತನಕ ನೆರಳು ಎಡಕ್ಕೆ,
ಆಮೇಲೆ ಗಾಡಿ ಎರಡು ಮಾರು ಹಿಂದಕ್ಕೆ ತೆಗೆಯಬೇಕು.
ಗುಂಬಜ್ ಅಂದರೆ ಕಬ್ಬಿನ ಗಾಣದ ಗೆಜ್ಜೆ,
ದರಿಯಾ ದೌಲತ್ ಅಂದರೆ ಉಪ್ಪುಖಾರ ಸವರಿದ ಸೌತೆಕಾಯಿ,
ರಂಗನತಿಟ್ಟು ಅಂದರೆ ಗಾಜಿನ ಮೇಲೆ ಬಿಳಿ ಹಿಕ್ಕೆ.
ಯಾವ ದೇಶದಿಂದ ಹಾರಿ ಬಂದ ಹಕ್ಕಿಯದೋ,
ಒರೆಸುವವನು ಕೆಸರೆಯ ಜವರಣ್ಣ.

ಇಪ್ಪತ್ತೆರಡು ವರ್ಷ. ಮೂರು ಟೆಂಪೋ. ಒಬ್ಬನೇ ಓನರ್.
ಬಾಗಿಲು ಎಳೆದು ಇಳಿಸುತ್ತೇನೆ.
‘ಒಂದೂವರೆ ಗಂಟೆ ಸಾರ್, ಇಲ್ಲೇ ಇರ್ತೀನಿ.’
ಇಲ್ಲೇ ಇರುತ್ತೇನೆ.
ಅವರು ನಡೆದು ಇತಿಹಾಸದೊಳಗೆ ಹೋಗುತ್ತಾರೆ,
ನಾನು ಸೀಟು ಬಾಗಿಸಿ, ಕಾಲು ಕಿಟಕಿಯಾಚೆ ಚಾಚಿ,
ಮುಖದ ಮೇಲೆ ಟವಲು ಎಳೆದುಕೊಂಡು
ನಿದ್ದೆಯೊಳಗೆ.

ವಾಪಸು ಬಂದವರು ಕೆಲವರು ಫೋಟೋ ತೋರಿಸುತ್ತಾರೆ,
‘ನೋಡ್ರೀ, ನಿಮ್ಮೂರು!’
ಅಂಗೈಯಗಲದ ಪರದೆಯಲ್ಲಿ ಒಂದು ಚಾವಣಿ,
ಬಾಳೆಮೊಗ್ಗಂತೆ, ಕಲ್ಲಂತೆ.
ನನ್ನ ನಡುಮನೆಯನ್ನು ನೆಂಟರು ವರ್ಣಿಸಿದ ಹಾಗೆ
ಹ್ಞೂಂಗುಡುತ್ತೇನೆ.

ಮಗಳು ಇಂಚರ
ಡ್ಯಾಶ್‌ಬೋರ್ಡಿನ ಡಬ್ಬಿಯ ಚೀಟಿಗಳನ್ನೆಲ್ಲ ಬಳಿದು
ಹಳೇ ಡೈರಿಗೆ ತಾರೀಖಿನ ಪ್ರಕಾರ ಅಂಟಿಸಿದ್ದಾಳೆ.
ಮೇಲೆ ಬರೆದಿದ್ದಾಳೆ: ಅಪ್ಪನ ಪ್ರವಾಸ ಕಥನ.
ಪ್ರತಿ ಪುಟದಲ್ಲೂ ಅದೇ ಕೊನೆಯ ಸಾಲು,
‘ಬೆಲೆಬಾಳುವ ವಸ್ತುಗಳಿಗೆ ನಾವು ಹೊಣೆಯಲ್ಲ.’

ಹುಲಿ? ಹೌದು, ಕಂಡಿದ್ದೇನೆ.
ದಮ್ಮನಕಟ್ಟೆಯಲ್ಲಿ ಅವರನ್ನು ಸಫಾರಿ ಜೀಪಿಗೆ ಹತ್ತಿಸಿ
ಡೀಸೆಲ್ಲಿಗೆಂದು ಖಾಲಿ ಗಾಡಿ ತಿರುಗಿಸಿ
ಅಂತರಸಂತೆ ಕಡೆ ಬರುವಾಗ,
ರಸ್ತೆ ದಾಟಿತು,
ಸಾಲವೆಲ್ಲ ತೀರಿಸಿ ಸೊಸೈಟಿಯಿಂದ ಹೊರಬಂದವನ ನಡಿಗೆ.
ಇಂಜಿನ್ ಆರಿಸಿದೆ.
ಯಾಕೋ ಇಂಡಿಕೇಟರ್ ಹಾಕಿದೆ.
ಎಷ್ಟು ಹೊತ್ತೋ, ಟಿಕ್ ಟಿಕ್ ಟಿಕ್, ಬರೀ ಅದೊಂದೇ ಸದ್ದು.
ಜೀಪಿನವರು ಮೂರು ಗಂಟೆ ಸುತ್ತಿ
ಒಂದು ಕಡವೆ, ನಾಲ್ಕು ನವಿಲು, ಹಳೇ ಹೆಜ್ಜೆಗುರುತು ನೋಡಿ
ಮುಖ ಬಾಡಿಸಿಕೊಂಡು ಇಳಿದರು. ತಲೆಗಿಷ್ಟು ಅಂತ ತೆತ್ತವರು.
ನಾನು ಹೇಳಲಿಲ್ಲ.
ಊಟ ಕೋಟೆಯಲ್ಲೋ ಮೈಸೂರಲ್ಲೋ ಅಂತ ಕೇಳಿದೆ.

ಹೋದ ಮಾರ್ಚಿನಲ್ಲಿ
ನಾಗಪುರದ ಅಜ್ಜಿಯೊಬ್ಬರು ಮಂಡಿ ಹಿಡಿದುಕೊಂಡು ಗಾಡಿಯಲ್ಲೇ ಉಳಿದರು.
‘ಟಿಕೆಟ್ ಯಾಕೆ ದಂಡ, ನೀನು ಹೋಗು.
ಗಾಡಿ ನಾನು ಕಾಯ್ತೀನಿ.’
ಗಾಡಿ ನಾನು ಕಾಯ್ತೀನಿ!
ಇಪ್ಪತ್ತೆರಡು ವರ್ಷದಲ್ಲಿ
ಈ ಮಾತು ನನ್ನದೇ ಬಾಯಲ್ಲಿ ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ.

ಚಪ್ಪಲಿ ಬಿಟ್ಟೆ. ಅಂಗಳದ ಕಲ್ಲು ಕಾದ ಹಂಚು.
ಕುಪ್ಪಳಿಸುತ್ತ ಹೋಗಿ ನೆರಳಿದ್ದ ಗೋಡೆಗೆ ಆತುಕೊಂಡೆ.
ಬಾಳೆಮೊಗ್ಗು ನೋಡಲು ಬಂದವನ ಕಣ್ಣಿಗೆ ಬಿದ್ದದ್ದು ಬೇರೆ:
ಆನೆಸಾಲಿನ ಮೇಲೆಲ್ಲೋ ಗೇಣುದ್ದದ ರಥ,
ರಥದಲ್ಲಿ ಬಿಲ್ಲೆತ್ತಿದ ವೀರ,
ಮುಂದೆ ಕುಕ್ಕರಗಾಲಲ್ಲಿ ಒಬ್ಬ ಸಾರಥಿ.
ಕೃಷ್ಣನಲ್ಲ, ಕಿರೀಟವಿಲ್ಲ,
ಯಾರಿಗೂ ಏನೂ ಬೋಧಿಸಿದ ಮುಖವಲ್ಲ.
ಮೂಗು ಸವೆದುಹೋಗಿದೆ.
ಹಗ್ಗ ಹಿಡಿದ ಬೆರಳು ಮಾತ್ರ ನಿನ್ನೆ ಕೆತ್ತಿದ ಹಾಗಿದೆ.

ಗೈಡು ಆಚೆ ಹೇಳುತ್ತಿದ್ದ,
ವೀರನ ಹೆಸರು, ರಾಜನ ಹೆಸರು, ಇಸವಿ.
ನಾನು ಇವನ ಎಡಭುಜ ನೋಡುತ್ತಿದ್ದೆ. ತುಸು ತಗ್ಗು.
ನನ್ನದೂ ಹಾಗೇ, ಗೇರಿನ ಕಡೆಯದು.
ಕೆತ್ತಿದವನಿಗೆ ಹೇಗೆ ಗೊತ್ತಾಯಿತೋ.
ಕಲ್ಲು ಹೇರಿ ತಂದ ಗಾಡಿಯವನೊಬ್ಬ ಇದ್ದಿರಬೇಕು,
ಇಳಿಸಿಕೊಳ್ಳಲಿ ಅಂತ ಇಡೀ ದಿನ ಮರದಡಿ ಕಾದವನು.

ತಲೆಯೆತ್ತಿ ನೋಡುವುದು ಮರೆತೇಹೋಯಿತು.

ಹೊರಗೆ ಬಂದರೆ, ಆ ಮಂಡಿಯಲ್ಲಿ ಹೇಗೆ ಹತ್ತಿದರೋ,
ಅಜ್ಜಿ ನನ್ನ ಸೀಟಿನಲ್ಲಿ,
ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ನಿದ್ದೆಹೋಗಿದ್ದಾರೆ.
ನೆರಳು ಸರಿದಿತ್ತು. ಮುಖಕ್ಕೆ ಬಿಸಿಲು.
ಎಬ್ಬಿಸಲಿಲ್ಲ.
ಕಿಟಕಿಗೆ ಟವಲು ಅಡ್ಡ ಹಿಡಿದು ನಿಂತೆ,
ಮಿಕ್ಕವರು ಬರುವ ತನಕ.